ಮೂರೇ ಕೈಯಿಂದ ತಿನ್ನುತ್ತಿದ್ದ ಒಂಟೆ

ಮಂಗಳವಾರ ಬೆಳಗ್ಗೆ ಆರೂಕಾಲಿಗೆ ಮುದ್ದಮ್ಮ ಪೊರಕೆ ಹಿಡಿದು ಶೆಡ್ಡಿನ ಹಿಂದಕ್ಕೆ ಹೋದಳು. ಪೊರಕೆ ಅಲ್ಲೇ ಬಿತ್ತು. ಅವಳು ಓಡಿ ಬಂದಳು.

"ಎದ್ದೇಳಿ ಅಂದ್ರೆ! ಚೆಲುವಿ ಕತ್ತು ನೆಲಕ್ಕಾಕ್ಬುಟ್ಟವ್ಳೆ!"

ಗಂಡ ಚಿಕ್ಕಬಸವಯ್ಯ ಚಪ್ಪಲಿ ಕೂಡ ಹಾಕದೆ ಓಡಿದ.

ಚೆಲುವಿ ಅಂದರೆ ಒಂಟೆ. ಮೈಸೂರು ಶ್ರೀರಾಂಪುರದ ಹೊಸ ಬಡಾವಣೆಯ ಖಾಲಿ ಸೈಟಿನಲ್ಲಿ, ಹೊಂಗೆ ಮರದ ಕೆಳಗೆ, ಕತ್ತು ಉದ್ದಕ್ಕೆ ಚಾಚಿ ಬಿದ್ದಿತ್ತು. ಒಂಟೆ ಹಾಗೆ ಮಲಗುವ ಪ್ರಾಣಿಯಲ್ಲ. ಮಲಗಿದರೂ ಬೀಗರ ಮನೆಗೆ ಬಂದವರ ಹಾಗೆ ಕತ್ತೆತ್ತಿ ಬಿಗುವಾಗಿ ಕೂರುತ್ತದೆ. ಚಿಕ್ಕಬಸವಯ್ಯ ಮೂಗಿನ ಹತ್ತಿರ ಕೈ ಹಿಡಿದ. ಉಸಿರಿಲ್ಲ.

ಎರಡೂವರೆ ತಿಂಗಳ ಮರಿ ಕೆಚ್ಚಲಿಗೆ ಮೂತಿಯಿಂದ ಗುದ್ದುತ್ತಲೇ ಇತ್ತು. ಹಾಲು ಇಳಿಯಲಿಲ್ಲ. ಮತ್ತೆ ಗುದ್ದಿತು.

ಚಿಕ್ಕಬಸವಯ್ಯ ಮೊದಲು ಟಾಂಗಾದವನು. ಚಾಮರಾಜಪುರಂ ಸ್ಟೇಷನ್ ಮುಂದೆ ಮೂವತ್ತು ವರ್ಷ ಕುದುರೆ ಕಟ್ಟಿದವನು. ಆಟೋ ಬಂತು, ಕಾರು ಬಂತು, ಕೊನೆಗೆ ಕುದುರೆಯೂ ಹೋಯ್ತು. ಆ ವರ್ಷ ಎಕ್ಸಿಬಿಷನ್‌ಗೆ ಒಂಟೆ ತಂದಿದ್ದ ಉತ್ತರದವರು ಕಾಲು ಊದಿದ್ದ ಒಂದು ಹೆಣ್ಣೊಂಟೆಯನ್ನು ಇವನಿಗೆ ಬಿಟ್ಟು ಹೊರಟುಹೋದರು. ಕುದುರೆಗೆ ಹಾಕುತ್ತಿದ್ದ ಪಟ್ಟನ್ನೇ ಹಾಕಿ ಇವನು ಕಾಲು ವಾಸಿ ಮಾಡಿದ. ಅವರು ಇಟ್ಟಿದ್ದ ಹೆಸರು ಚಾಂದನಿ. ಮುದ್ದಮ್ಮ ಚೆಲುವಿ ಅಂದಳು. ಒಂಟೆಗೆ ಚೆಲುವಿ ಅಂತ ಹೆಸರಾ ಅಂತ ಬಡಾವಣೆ ಪೂರ್ತಿ ನಕ್ಕಿತು. ಆರು ತಿಂಗಳು ಒಂಟೆಯೂ ಆ ಹೆಸರಿಗೆ ತಿರುಗಿ ನೋಡಲಿಲ್ಲ. ಆಮೇಲೆ ಬೇರೆ ಯಾವ ಹೆಸರಿಗೂ ತಿರುಗಲಿಲ್ಲ.

ಐದು ವರ್ಷ ಅದೇ ಅವರ ಅನ್ನ. ಭಾನುವಾರ ಪಾರ್ಕಿನ ಹತ್ತಿರ ಮಕ್ಕಳ ಸವಾರಿ. ಹುಟ್ಟುಹಬ್ಬ. ಮದುವೆ ಮೆರವಣಿಗೆ. ಉದುರಿದ ಕೂದಲನ್ನೂ ಬಿಡದೆ ಮುದ್ದಮ್ಮ ಹಗ್ಗ ಹೊಸೆಯುತ್ತಿದ್ದಳು.

ಬಡಾವಣೆಯಿಂದ ಫೋನ್ ಹೋಗಿ ಎಂಟು ಗಂಟೆಗೆ ಪೊಲೀಸ್ ಜೀಪು ಬಂತು. ಇಳಿದವಳು ಎಎಸ್‌ಐ ಪ್ರೇಮಲೀಲಾ. ಐವತ್ತೆರಡು ವರ್ಷ, ಮಂಡಿನೋವು. ಯಾರ ಹತ್ತಿರ ಬೇಕಾದರೂ ಅರ್ಧ ಗಂಟೆ ಕೂತು ಮಾತಾಡಬಲ್ಲ ಹೆಂಗಸು. ಹಿಂದೆ ಕಾನ್‌ಸ್ಟೆಬಲ್ ಅಶೋಕ.

"ಮೇಡಂ, ಸತ್ತಿರೋದು ಒಂಟೆ. ಇದಕ್ಕೂ ಕೇಸಾ?"

"ಅವರ ಅನ್ನ ಸತ್ತಿದೆ ಕಣೋ. ಬುಕ್ ತೆಗಿ."

ಅಷ್ಟರಲ್ಲಿ ಪ್ಲಾಸ್ಟಿಕ್ ಫೈಲು ಹಿಡಿದು ಒಬ್ಬರು ಬಂದರು. ಬಡಾವಣೆ ಸಂಘದ ಅಧ್ಯಕ್ಷ ವಿಶ್ವನಾಥ್.

"ಮೂರು ಅರ್ಜಿ ಕೊಟ್ಟಿದ್ದೀನಿ ಮೇಡಂ. ಒಂಟೆಗೆ ಸರಿಯಾಗಿ ಮೇವು ಹಾಕ್ತಿಲ್ಲ, ಮೂಳೆ ಕಾಣ್ತಿದೆ ಅಂತ. ಯಾರು ಕೇಳಿದ್ರು? ಈಗ ನೋಡಿ."

"ಒಟ್ಟೆಗಾಕ್ದೆ ಸಾಯ್ಸುದ್ನಾ ನಾನು?" ಚಿಕ್ಕಬಸವಯ್ಯ ಎದ್ದು ನಿಂತ. "ನಾನುಣ್ಣದೆ ಅವ್ಳಿಗಾಕಿವ್ನಿ ಸ್ವಾಮಿ!"

"ಕೋಪ ಯಾಕ್ರೀ? ಪ್ರಾಣಿ ದಯಾ ಸಮಿತಿಯವರಿಗೆ ಫೋನ್ ಮಾಡಾಯ್ತು. ಶುಕ್ರವಾರ ವ್ಯಾನ್ ಬರುತ್ತೆ. ಮರಿ ಅನಂತಪುರದ ಹತ್ತಿರ ಒಂದು ಆಶ್ರಯಧಾಮಕ್ಕೆ ಹೋಗುತ್ತೆ. ಮರಿಯಾದ್ರೂ ಬದುಕಲಿ."

ಚಿಕ್ಕಬಸವಯ್ಯ ಮಂಡಿಯೂರಿ ಕೂತ. ಮರಿಯ ಕತ್ತು ತಬ್ಬಿಕೊಂಡ. ಒಂದೂವರೆ ವರ್ಷದ ಹಿಂದೆ ಎಕ್ಸಿಬಿಷನ್‌ಗೆ ಬಂದಿದ್ದ ಗಂಡೊಂಟೆಗೆ ಹುಟ್ಟಿದ ಮರಿ. ಹೆರಿಗೆ ಮಾಡಿಸಿದ್ದು ಇದೇ ಗಂಡ ಹೆಂಡತಿ.

"ಸತ್ತಿದ್ದು ಮಾಲೀಕನ ನಿರ್ಲಕ್ಷ್ಯದಿಂದ ಅಂತ ವರದಿ ಬಂದ್ರೆ ಮಾತ್ರ ಮರಿ ತಗೊಂಡು ಹೋಗಬಹುದು," ಪ್ರೇಮಲೀಲಾ ಅಂದಳು. "ವರದಿ ಇನ್ನೂ ಬಂದಿಲ್ಲ. ಕೂತ್ಕೊಳಿ ಯಜಮಾನ್ರೇ."

*

ನಾಲ್ಕು ಕ್ವಿಂಟಲ್ ದೇಹವನ್ನು ಎಲ್ಲಿಗೆ ಹೊರೋದು? ಅಲ್ಲೇ ಟಾರ್ಪಾಲಿನ್ ಕಟ್ಟಿ ಪಶುವೈದ್ಯೆ ಡಾ. ಶುಭಾ ಮರಣೋತ್ತರ ಪರೀಕ್ಷೆ ಮಾಡಿದಳು. ಹನ್ನೆರಡೂವರೆಗೆ ಗ್ಲೌಸ್ ಕಳಚುತ್ತಾ ಹೊರಗೆ ಬಂದಳು.

"ಹಸಿವಿನಿಂದ ಸತ್ತಿಲ್ಲ ಮೇಡಂ. ಹೊಟ್ಟೆ ತುಂಬ ಮೇವಿದೆ. ಡುಬ್ಬ ನೋಡಿ, ಕಲ್ಲಿನ ಹಾಗಿದೆ. ಹೊಟ್ಟೆಗಿಲ್ಲದ ಒಂಟೆಗೆ ಡುಬ್ಬ ಒಂದು ಪಕ್ಕಕ್ಕೆ ಜೋತುಬೀಳುತ್ತೆ."

ಮುದ್ದಮ್ಮ ವಿಶ್ವನಾಥ್ ಕಡೆ ಒಂದು ನೋಟ ಬೀರಿದಳು. ಬೈಗುಳ ಬೇಕಾಗಲಿಲ್ಲ.

"ಮತ್ತೇನು?"

"ಹೃದಯ ನಿಂತಿದೆ. ಒಳಗೆಲ್ಲ ರಕ್ತದ ಚುಕ್ಕೆ." ಡಾ. ಶುಭಾ ಒಂದು ಗಾಜಿನ ಬಾಟಲಿ ಎತ್ತಿ ಹಿಡಿದಳು. ಒಳಗೆ ಹಸಿರು ಚೂರುಗಳು. "ಕಣಗಿಲೆ ಎಲೆ. ಒಂದು ಹಿಡಿ ಸಾಕು, ಇಷ್ಟು ದೊಡ್ಡ ಪ್ರಾಣಿ ಹೋಗೋಕೆ. ತಿಂದು ಹೆಚ್ಚು ಕಮ್ಮಿ ಒಂದು ದಿನ ಆಗಿರಬೇಕು. ಅಂದ್ರೆ ಸೋಮವಾರ ಬೆಳಗ್ಗೆ."

ವಿಶ್ವನಾಥ್ ಚುರುಕಾದರು. "ಭಾನುವಾರ ರಿಂಗ್ ರೋಡಲ್ಲಿ ಕಣಗಿಲೆ ಟ್ರಿಮ್ ಮಾಡಿದ್ರು! ಕೊಂಬೆ ಎಲ್ಲ ಆ ತಿರುವಲ್ಲಿ ರಾಶಿ ಬಿದ್ದಿದೆ. ಇವರು ಒಂಟೆ ಬಿಟ್ಟಿದ್ದಾರೆ, ಅದು ಹೋಗಿ ತಿಂದಿದೆ. ಅಷ್ಟೇ ಕಥೆ."

ಡಾ. ಶುಭಾ ಬೇಜಾರಿನಿಂದ ಪ್ರೇಮಲೀಲಾಳನ್ನು ನೋಡಿದಳು. "ಹಾಗೇ ಆಗಿದ್ರೆ, ವಿಷದ ಗಿಡ ಸಿಗೋ ಕಡೆ ಬಿಟ್ಟಿದ್ದು ನಿರ್ಲಕ್ಷ್ಯನೇ. ನಾನು ಹಾಗೇ ಬರೀಬೇಕಾಗುತ್ತೆ. ಶುಕ್ರವಾರ ಮರಿ ಹೋಗುತ್ತೆ."

"ಬುಟ್ಟಿರ್ನಿಲ್ಲ ಕಣವ್ವಾ," ಅಂದ ಚಿಕ್ಕಬಸವಯ್ಯ. "ಭಾನುವಾರ ಸಂಜೆಯಿಂದ ಕಟ್ಟಾಕೇ ಇದ್ದೆ."

"ನೋಡಿದವರು ಯಾರಾದ್ರೂ ಇದ್ದಾರಾ?"

"ಇನ್ಯಾರು? ನಮ್ಮವ್ಳು."

ಹೆಂಡತಿ ಸಾಕ್ಷಿ ಎಷ್ಟು ತೂಗುತ್ತೆ? ಅದು ಎಲ್ಲರಿಗೂ ಗೊತ್ತಿತ್ತು.

*

ಪ್ರೇಮಲೀಲಾ ಕೊಂಬೆಗಳ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಮಂಡಿ ಕಟಕಟ ಅಂದಿತು.

"ನಮ್ಮೂರ ದನ ಕಣಗಿಲೆ ಮೂಸಿನೂ ನೋಡಲ್ಲ ಮೇಡಂ," ಅಶೋಕ ಅಂದ. "ಅದಕ್ಕೇ ರೋಡ್ ಮಧ್ಯೆ ಇದನ್ನೇ ಹಾಕೋದು. ಪಾಪ ಒಂಟೆಗೆ ಗೊತ್ತಾಗಿಲ್ಲ."

"ಇಲ್ಲಿ ನೋಡು. ಮಷೀನ್ ಕೊಂಬೆ ಕತ್ತರಿಸಿದೆ. ಎಲೆ ಹೇಗಿದೆ?"

"ಇಡೀ ಎಲೆ. ಕೊಂಬೆಗೇ ಅಂಟಿಕೊಂಡಿದೆ. ಬಾಡಿದೆ."

ಅವಳು ಡಾಕ್ಟರ್ ಕೊಟ್ಟ ಬಾಟಲಿಯನ್ನು ಬಿಸಿಲಿಗೆ ಹಿಡಿದಳು. "ಇದು?"

ಅಶೋಕ ಬಗ್ಗಿ ನೋಡಿದ. ಬೆರಳುಗಲದ ಚೂರು. ಎರಡೂ ತುದಿ ನೇರ. "ಪಲ್ಯಕ್ಕೆ ಹುರುಳಿಕಾಯಿ ಹೆಚ್ಚಿದ ಹಾಗಿದೆ!"

"ಒಂಟೆ ಹಲ್ಲು ಹೆಚ್ಚಲ್ಲ, ಅರೆಯುತ್ತೆ. ಇದು ಕತ್ತರಿ ಕೆಲಸ. ಚೂರಿನ ಮೇಲೆ ಏನೋ ಮೆತ್ತಿಕೊಂಡಿದೆ ನೋಡು. ಬೂಸಾ. ಯಾರೋ ಉಂಡೆ ಕಟ್ಟಿ ತಿನ್ನಿಸಿದ್ದಾರೆ ಕಣೋ."

"ಯಾರು? ಅಧ್ಯಕ್ಷರಾ?"

ಅದನ್ನೇ ಹೋಗಿ ಶೆಡ್ಡಿನಲ್ಲಿ ಕೇಳಿದರೆ ಆ ದುಃಖದಲ್ಲೂ ಮುದ್ದಮ್ಮನಿಗೆ ನಗು ಬಂತು.

"ಅವ್ರಾ? ಮೊಮ್ಮಗನ ಫೋಟೋಗೆ ಅಂತ ಬಾಳೆಹಣ್ಣು ಕೊಡಕ್ಕೋಗಿ ಮುಖದ ತುಂಬ ಉಗುಸ್ಕಂಡಿದ್ರು. ಆವತ್ತಿಂದ್ಲೇ ಅರ್ಜಿ ಸುರುವಾಗಿದ್ದು ಕಣವ್ವಾ! ನಮ್ಮ ಚೆಲುವಿ ಕಂಡೋರ ಕೈಲಿ ತಿನ್ನಾಕಿಲ್ಲ. ಹಸ್ಕಂಡ್ರೂ ತಿನ್ನಾಕಿಲ್ಲ."

"ಯಾರ ಕೈಲಿ ತಿಂತಿದ್ಲು?"

"ಮೂರೇ ಕೈ. ಇವ್ರ್ದು, ನಂದು, ಸರ್ವಮಂಗಳಮ್ಮೋರ್ದು."

ಸರ್ವಮಂಗಳಮ್ಮ ಮೂರನೇ ಕ್ರಾಸಿನ ಹಿರಿಯರು. ಪ್ರತಿ ಸೋಮವಾರ ಶಿವಪೂಜೆ ಮುಗಿಸಿ, ಲಿಂಗಕ್ಕೇರಿಸಿದ ಬಿಲ್ವಪತ್ರೆ ಕಾಲಿಗೆ ಸಿಗಬಾರದು ಅಂತ ತಂದು ಚೆಲುವಿಗೆ ಕೊಡೋರು. ಜೊತೆಗೆ ಮೂರು ಬೂಸಾ ಉಂಡೆ. ಮೂರು ವರ್ಷದಿಂದ ಸೋಮವಾರ ತಪ್ಪಿಸಿದ್ದು ಅಪರೂಪ.

"ನಿನ್ನೆ ಸೋಮವಾರ?"

"ಬಂದಿದ್ರು. ಒಂಬತ್ ಗಂಟೆಗೆ," ಅಂದ ಚಿಕ್ಕಬಸವಯ್ಯ. ಕೂಡಲೇ ಅವನ ಮುಖ ಬದಲಾಯಿತು. "ಏನವ್ವಾ ನೀವೇಳ್ತಿರೋದು? ಆ ತಾಯಿನಾ? ಚೆಲುವಿ ಹೆತ್ತಾಗ ನಮ್ಮ ಮುದ್ದಿಗಿಂತ ಜಾಸ್ತಿ ಅತ್ತೋರು ಅವ್ರು! ಕಣಗಿಲೆ ಕೊಡ್ಬ್ಯಾಡಿ ಅಂತ ಮೊದಲ್ನೇ ದಿನಾನೇ ಏಳಿದ್ದೆ. ಹೂ ಬ್ಯಾರೆ ಎತ್ತಿಟ್ಟು ಪತ್ರೆ ಮಾತ್ರ ತರೋರು."

"ನಾನೇನೂ ಹೇಳಲಿಲ್ಲವಲ್ಲ ಯಜಮಾನ್ರೇ. ಸಂಜೆ ಹೇಗಿದ್ಲು ಚೆಲುವಿ?"

"ಮಂಕಾಗಿದ್ಲು. ಓಮದ ನೀರು ಕುಡುಸ್ದೆ. ಮರಿ ಬಾಯಾಕಿದ್ ಮ್ಯಾಲೆ ಒಂದಿಷ್ಟು ಆಲು ಇಳುಸುದ್ಲು."

ಪ್ರೇಮಲೀಲಾ ತಟ್ಟನೆ ತಲೆ ಎತ್ತಿದಳು. "ಹಾಲು! ಆ ಹಾಲು ಯಾರು ಕುಡಿದ್ರು?"

"ನಾವು ಕುಡೀನಿಲ್ಲ, ಮನ್ಸಿರ್ನಿಲ್ಲ," ಅಂದಳು ಮುದ್ದಮ್ಮ. "ಕಾಯ್ಸಿ ಮುಚ್ಚಿಟ್ಟಿವ್ನಿ, ಅಗೋ. ಅರ್ಧ ಚೊಂಬು ಸರ್ವಮಂಗಳಮ್ಮೋರ ಮನೆಗೆ ಕೊಟ್ಟು ಬಂದೆ. ಸುಗರ್‌ಗೆ ಒಳ್ಳೇದು ಅಂತ ದಿನಾ ಕುಡೀತಾರೆ. ಕಾಸು ಮುಟ್ಟಾಕಿಲ್ಲ ನಾವು."

"ವಿಷ ತಿಂದ ಪ್ರಾಣಿ ಹಾಲು! ಅಶೋಕ, ಜೀಪು ತೆಗಿ!"

ಮುದ್ದಮ್ಮ ಬಾಗಿಲ ತನಕ ಓಡಿ ಬಂದಳು. "ಅವ್ವಾ, ಚೊಂಬು ನೆನ್ನೆ ಸಂಜೆನೇ ವಾಪಸ್ ಬಂದದೆ! ಯಾರೋ ಗೇಟಿಗೆ ನೇತಾಕಿ ಓಗವ್ರೆ. ಬರೀ ಚೊಂಬು. ಆಯಮ್ಮ ಯಾವತ್ತೂ ಬರೀ ಚೊಂಬು ಕಳ್ಸಾಕಿಲ್ಲ. ಒಂದು ಹೂವಾದ್ರೂ ಹಾಕೇ ಕಳ್ಸಾದು. ಏನಾಯ್ತೋ ಏನೋ ನೋಡಿ ಒಸಿ!"

ಪ್ರೇಮಲೀಲಾ ಒಂದು ಗಳಿಗೆ ನಿಂತಳು. ಒಳಗೆ ಹೋಗಿ ಹಾಲಿನ ಪಾತ್ರೆಯ ಮುಚ್ಚಳ ತೆಗೆದಳು. ಕೆನೆ ಕಟ್ಟಿತ್ತು. "ಇದನ್ನ ಯಾರೂ ಮುಟ್ಟಬೇಡಿ," ಅಂದು ಜೀಪು ಹತ್ತಿದಳು.

*

ಬಾಗಿಲು ತೆಗೆದಿದ್ದು ಸರ್ವಮಂಗಳಮ್ಮನವರೇ. ಎಪ್ಪತ್ತೆರಡು ವರ್ಷ. ಹಣೆ ತುಂಬ ವಿಭೂತಿ. ಬಲಗಾಲಿಗೆ ಬಿಳಿ ಬಟ್ಟೆ ಸುತ್ತಿತ್ತು. ಅತ್ತು ಕಣ್ಣು ಊದಿತ್ತು, ಆದರೆ ಗಟ್ಟಿಯಾಗಿ ನಿಂತಿದ್ದರು.

"ಬನ್ನಿಮ್ಮಾ. ಬೆಳಗ್ಗೆಯಿಂದ ಅಲ್ಲಿಗೆ ಹೋಗ್ಬೇಕು ಅಂತ ಒದ್ದಾಡ್ತಿದ್ದೀನಿ. ಮಗ ಕಿರಣ ಬಿಡಲಿಲ್ಲ. ಕಾಲು ಗಾಯ ಇನ್ನೂ ಆರಿಲ್ಲ, ನೋಡಿದ್ರೆ ತಡ್ಕೊಳಲ್ಲ ನೀನು ಅಂದ. ಏನಾಗಿತ್ತಂತೆ ನಮ್ಮ ಚೆಲುವಿಗೆ?"

"ಪರೀಕ್ಷೆ ಆಗ್ತಿದೆ ಅಮ್ಮಾ. ನಿನ್ನೆ ಸಂಜೆ ಹಾಲು ಕುಡಿದ್ರಾ?"

"ಎಲ್ಲಿ? ಒಡೆದುಹೋಗಿದೆ ಅಂತ ಕಿರಣ ಚೆಲ್ಲಿಬಿಟ್ಟ. ಚೊಂಬೂ ಅವನೇ ಕೊಟ್ಟು ಬಂದನಂತೆ. ಬರೀ ಚೊಂಬು ಕೊಟ್ಟಿರ್ತಾನೆ, ಗಂಡು ಹುಡುಗರಿಗೆ ಅದೆಲ್ಲ ಎಲ್ಲಿ ತಿಳಿಯುತ್ತೆ ಹೇಳಿ. ಕೂತ್ಕೊಳಿ, ಕಾಫಿ ತರ್ತೀನಿ."

ಅಶೋಕ ನಿಟ್ಟುಸಿರು ಬಿಟ್ಟ. ಪ್ರೇಮಲೀಲಾ ಬಿಡಲಿಲ್ಲ. ಅವಳ ಕಣ್ಣು ಹಿತ್ತಲಲ್ಲಿತ್ತು. ಅಲ್ಲಿ ಒಂದು ಕಣಗಿಲೆ ಗಿಡ, ಒಂದು ಬಿಲ್ವದ ಗಿಡ.

"ಪತ್ರೆ ನೀವೇ ಕೀಳ್ತೀರಾ? ಕತ್ತರಿಯಲ್ಲಿ ಕತ್ತರಿಸ್ತೀರಾ?"

"ಕತ್ತರಿನಾ? ಅಯ್ಯೋ ಶಿವನೇ! ಪೂಜೆ ಪತ್ರೆಗೆ ಕಬ್ಬಿಣ ತಾಗಿಸ್ತಾರಾ? ಕೈಲೇ ಕೀಳಬೇಕು. ಕಣ್ಣು ಮಂಜು ಕಣಮ್ಮ, ಆದ್ರೆ ಬೆರಳಿಗೆ ಗೊತ್ತು. ಮೂರು ದಳ ಇದ್ರೆ ಬಿಲ್ವ. ಕಣಗಿಲೆ ಹೂವೆಲ್ಲ ತೆಂಗಿನ ಬುಡಕ್ಕೆ. ಚಿಕ್ಕಬಸವಯ್ಯ ಹೇಳಿದಾನಲ್ಲ."

"ಬೂಸಾ ಉಂಡೆ?"

ಅವರ ಮುಖ ಅರಳಿತು. "ಪ್ರತಿ ವಾರ ನಾನೇ ಕಟ್ಟೋದು. ಈ ಸಲ ಕಿರಣನೇ ಕಟ್ಟಿಕೊಟ್ಟ! ಆ ಒಂಟೆ ಅಂದ್ರೆ ಮುಖ ಸಿಂಡರಿಸೋನು. ನೀನು ಪೂಜೆ ಮಾಡಮ್ಮ, ಉಂಡೆ ನಾನು ಕಟ್ಟಿರ್ತೀನಿ ಅಂದ. ನನಗೆಷ್ಟು ಸಂತೋಷ ಆಯ್ತು ಗೊತ್ತಾ? ಮನಸ್ಸು ತಿರುಗಿತಲ್ಲ ಅಂತ. ಪಾಪ, ಅದೇ ಕೊನೆ ತುತ್ತಾಯ್ತು ಅವಳಿಗೆ."

ಪ್ರೇಮಲೀಲಾ ಕಾಫಿ ಕುಡಿದಳು. ಬಿಸಿ ಇತ್ತು, ರುಚಿ ಗೊತ್ತಾಗಲಿಲ್ಲ.

"ನಿಮ್ಮ ಮಗ ಏನು ಕೆಲಸ ಮಾಡ್ತಾರಮ್ಮ?"

"ದಟ್ಟಗಳ್ಳಿಯಲ್ಲಿ ನರ್ಸರಿ. ಹೂವಿನ ಗಿಡ ಮಾರ್ತಾನೆ."

*

ಬುಧವಾರ ಬೆಳಗ್ಗೆ ದಟ್ಟಗಳ್ಳಿಯ ನರ್ಸರಿ. ಶಿವಕಿರಣ್ ಕುಂಡಗಳಿಗೆ ಗೊಬ್ಬರ ತುಂಬುತ್ತಿದ್ದ. ಒಂಟೆ ಹಿಕ್ಕೆಯ ಗೊಬ್ಬರ. ಅದನ್ನೂ ಚಿಕ್ಕಬಸವಯ್ಯನೇ ಕೊಟ್ಟಿದ್ದು. ಪಕ್ಕದಲ್ಲಿ ಕಣಗಿಲೆ ಸಸಿಗಳ ಸಾಲು. ಸೊಂಟದಲ್ಲಿ ಗಿಡ ಕತ್ತರಿಸುವ ಕತ್ತರಿ.

"ಕಣಗಿಲೆ ಚೆನ್ನಾಗಿ ಹೋಗುತ್ತಾ?" ಪ್ರೇಮಲೀಲಾ ಕೇಳಿದಳು.

"ಹೋಗುತ್ತೆ ಮೇಡಂ. ದನ ಮುಟ್ಟಲ್ಲ."

"ಯಾಕೆ ಮುಟ್ಟಲ್ಲ?"

ಅವನು ಇನ್ನೊಂದು ಕುಂಡ ಎತ್ತಿಕೊಂಡ.

ಪ್ರೇಮಲೀಲಾ ಒಂದು ಕುಂಡದ ಕಟ್ಟೆಯ ಮೇಲೆ ಕೂತಳು. ಧ್ವನಿ ಏರಿಸಲಿಲ್ಲ. "ಶಿವಕಿರಣ್, ನಾನು ಹೇಳ್ತಾ ಹೋಗ್ತೀನಿ. ತಪ್ಪಿದ್ರೆ ತಿದ್ದಿ. ಒಂಟೆ ಹೊಟ್ಟೆಯಲ್ಲಿದ್ದ ಎಲೆ ಕತ್ತರಿಯಲ್ಲಿ ಹೆಚ್ಚಿದ್ದು. ಹಾಗಾಗಿ ರಸ್ತೆ ರಾಶಿಯಿಂದ ತಿಂದಿದ್ದಲ್ಲ. ಪೂಜೆ ಬುಟ್ಟಿಯಿಂದ ಬಂದಿದ್ದೂ ಅಲ್ಲ, ನಿಮ್ಮಮ್ಮ ಪತ್ರೆಗೆ ಕಬ್ಬಿಣ ತಾಗಿಸಲ್ಲ. ಎಲೆ ಬೂಸಾ ಉಂಡೆಯೊಳಗಿತ್ತು. ಬೇರೆಯವರು ಕೊಟ್ಟಿದ್ರೆ ಚೆಲುವಿ ಉಗೀತಿದ್ಲು. ನಿಮ್ಮಮ್ಮನ ಕೈಯಾದ್ರೆ ಕಣ್ಣು ಮುಚ್ಚಿ ತಿನ್ನೋಳು. ಅದು ನಿಮಗೆ ಗೊತ್ತಿತ್ತು. ಆ ಸೋಮವಾರ ಉಂಡೆ ಕಟ್ಟಿದ್ದು ನೀವು."

"ಬೂಸಾದಲ್ಲೇ ಏನಾದ್ರೂ ಸೇರಿರಬಹುದು. ನನಗೆ ಹೇಗೆ ಗೊತ್ತಾಗುತ್ತೆ?"

"ಹಾಗಂತ ಹೇಳಿ ಪಾರಾಗಬಹುದಿತ್ತು. ಆದರೆ ಹಾಲು ಚೆಲ್ಲಿದ್ರಿ."

"ಒಡೆದಿತ್ತು."

"ಅದೇ ಹಾಲಿನ ಇನ್ನರ್ಧ ಮುದ್ದಮ್ಮ ಕಾಯಿಸಿದ್ಲು. ಕೆನೆ ಕಟ್ಟಿತ್ತು, ನಾನೇ ನೋಡಿದ್ದೀನಿ. ಒಡೆದಿರಲಿಲ್ಲ. ಸೋಮವಾರ ಸಂಜೆ ಚೆಲುವಿ ಇನ್ನೂ ನಿಂತಿದ್ಲು. ವಿಷ ಅನ್ನೋ ಮಾತು ಮಾಲೀಕನ ಮನಸ್ಸಲ್ಲೂ ಇರಲಿಲ್ಲ. ಆ ಹಾಲು ಕುಡೀಬಾರದು ಅಂತ ಆ ಹೊತ್ತಿಗೆ ಗೊತ್ತಿದ್ದವರು ಊರಲ್ಲಿ ಒಬ್ಬರೇ. ಉಂಡೆ ಕಟ್ಟಿದವರು."

ಶಿವಕಿರಣ್ ಕೈಯಲ್ಲಿದ್ದ ಕುಂಡ ಕೆಳಗಿಟ್ಟ. ಅದರ ಪಕ್ಕದಲ್ಲೇ ಕುಸಿದು ಕೂತ.

"ಎರಡು ತಿಂಗಳಿಂದ ಒಂದು ಮಾತ್ರೆ ನುಂಗಿಲ್ಲ ಮೇಡಂ ಅಮ್ಮ. ಇನ್ಸುಲಿನ್ ಚರಂಡಿಗೆ ಚೆಲ್ಲಿದ್ರು. ಯಾರೋ ವಾಟ್ಸಾಪಲ್ಲಿ ಕಳಿಸಿದ್ರಂತೆ, ಒಂಟೆ ಹಾಲು ಕುಡಿದ್ರೆ ಶುಗರ್ ಬುಡಸಮೇತ ಹೋಗುತ್ತೆ ಅಂತ. ಹೋದ ತಿಂಗಳು ಶುಗರ್ ನಾನೂರ ಎಂಬತ್ತು. ನಾಲ್ಕು ದಿನ ಐಸಿಯು. ಕಾಲ್ಬೆರಳು ತೆಗೆದ್ರು. ಮುಂದಿನ ಸಲ ಮೊಣಕಾಲ ತನಕ ಅಂದ್ರು ಡಾಕ್ಟ್ರು. ಮನೆಗೆ ಬಂದ ದಿನ ಅಮ್ಮ ಮೊದಲು ಕೇಳಿದ್ದೇನು ಗೊತ್ತಾ? ಚೆಲುವಿ ಹಾಲು ಬಂತಾ ಅಂತ."

"ಚಿಕ್ಕಬಸವಯ್ಯನಿಗೆ ಹೇಳಬಹುದಿತ್ತಲ್ಲ?"

"ಕೈ ಮುಗಿದು ಕೇಳ್ಕೊಂಡೆ! ಬಾಗಿಲಿಗೆ ಬಂದವರಿಗೆ ಹಾಲಿಲ್ಲ ಅನ್ನೋಕಾಗಲ್ಲ ಸ್ವಾಮಿ ಅಂದ. ದುಡ್ಡು ಕೊಡ್ತೀನಿ ಅಂದೆ, ಬೇಜಾರು ಮಾಡ್ಕೊಂಡ. ಒಂಟೆ ಎಷ್ಟು ದಿನ ಹಾಲು ಕೊಡುತ್ತೆ ಅಂತ ಕೇಳಿದೆ. ವರ್ಷದ ಮೇಲೆ ಅಂದ. ವರ್ಷ! ಅಮ್ಮನಿಗೆ ಅಷ್ಟು ಟೈಮ್ ಇರಲಿಲ್ಲ ಮೇಡಂ."

"ಮರಿ ಕೂಡ ಅದೇ ಹಾಲು ಕುಡೀತು, ಗೊತ್ತಾ?"

ಶಿವಕಿರಣ್ ಅವಳನ್ನೇ ನೋಡಿದ. "ಅಮ್ಮನ ಚೊಂಬಿನ ಯೋಚನೆ ಮಾತ್ರ ಇತ್ತು," ಅಂದ ಮೆಲ್ಲಗೆ. "ಮರಿ ಹೊಳೀಲೇ ಇಲ್ಲ." ಆಮೇಲೆ ಅವಳ ಕಾಲಿನ ಹತ್ತಿರ ಬಗ್ಗಿದ. "ನನ್ನನ್ನ ಏನು ಬೇಕಾದ್ರೂ ಮಾಡಿ. ಅಮ್ಮನಿಗೆ ಮಾತ್ರ ಹೇಳಬೇಡಿ. ತನ್ನ ಕೈಯಾರೆ ಕೊಟ್ಟೆ ಅಂತ ಗೊತ್ತಾದ್ರೆ ಉಳಿಯಲ್ಲ ಅವರು."

ಪ್ರೇಮಲೀಲಾ ಕಾಲು ಹಿಂದಕ್ಕೆಳೆದುಕೊಂಡಳು. ಮೂವತ್ತು ವರ್ಷದ ನೌಕರಿಯಲ್ಲಿ ಎಷ್ಟೋ ತಪ್ಪೊಪ್ಪಿಗೆ ಕೇಳಿದ್ದಳು. ಪೊಲೀಸರ ಮುಂದೆ ಒಪ್ಪಿಕೊಂಡಿದ್ದು ಕೋರ್ಟಿನಲ್ಲಿ ನಿಲ್ಲಲ್ಲ ಅಂತ ಅವಳಿಗೆ ಗೊತ್ತು. ಸಾಕ್ಷಿ ಬೇಕು. ಉಂಡೆ ಯಾರು ಕಟ್ಟಿದ್ರು, ಯಾರು ಕೊಟ್ರು ಅಂತ ಹೇಳಬಲ್ಲವರು ಜಗತ್ತಿನಲ್ಲಿ ಒಬ್ಬರೇ.

*

ಚಿಕ್ಕಬಸವಯ್ಯ ಎಲ್ಲ ಕೇಳಿಸಿಕೊಂಡ. ಮರಿಯ ಬೆನ್ನು ಸವರುತ್ತಲೇ ಇದ್ದ. ಅದು ಬೆಳಗ್ಗೆಯಿಂದ ಎದ್ದಿರಲಿಲ್ಲ.

"ಕಿರಣಪ್ಪ ಬಂದಿದ್ದು ದಿಟ. ಕೈ ಮುಗ್ದಿದ್ದೂ ದಿಟ," ಅಂದ. "ನಾನು ಒಳ್ಳೇದು ಮಾಡ್ತಾ ಇವ್ನಿ ಅಂದ್ಕಂಡಿದ್ದೆ ಕಣವ್ವಾ. ಆಯಮ್ಮನ ಬೆರಳು ಓಗಿದ್ದು ನಂಗೊತ್ತಿರ್ನಿಲ್ಲ. ಕಾಲಿಗೆ ಮುಳ್ಳು ಚುಚ್ಚದೆ ಅಂದಿದ್ರು."

"ಯಜಮಾನ್ರೇ, ಆಯಮ್ಮ ಹೇಳಿಕೆ ಕೊಟ್ರೆ ನಿಮ್ಮ ಮೇಲಿನ ಆರೋಪ ಬಿದ್ದುಹೋಗುತ್ತೆ. ಮರಿ ನಿಮ್ಮದೇ. ಕೊಡದಿದ್ರೆ ಶುಕ್ರವಾರ ವ್ಯಾನ್ ಬರುತ್ತೆ."

"ಬ್ಯಾರೆ ದಾರಿ ಇಲ್ವಾ?"

"ಇಲ್ಲ."

"ಮೊದ್ಲು ಅವ್ಳೋದ್ಲು. ಈಗ ಇವ್ಳು ಓಯ್ತಾಳೆ, ಇಲ್ಲಾಂದ್ರೆ ಆ ತಾಯಿ ಎದೆ ಒಡೀತದೆ," ಮುದ್ದಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನಮ್ಮನ್ಯಾಕ್ ಕೇಳ್ತೀರವ್ವಾ?"

ಕೇಳಬೇಕಾಗಿಯೂ ಇರಲಿಲ್ಲ. ಗೊತ್ತಾದ ಅಪರಾಧವನ್ನು ಬರೆಯದೆ ಬಿಡುವ ಅಧಿಕಾರ ಪ್ರೇಮಲೀಲಾಗೆ ಇರಲಿಲ್ಲ. ಯಾರಾದರೂ ಬೇಡ ಅಂದುಬಿಡಲಿ ಅಂತ ಕೇಳಿದ್ದಳು, ಅಷ್ಟೇ.

ಗುರುವಾರ ಹತ್ತು ಗಂಟೆಗೆ ಸರ್ವಮಂಗಳಮ್ಮನವರ ನಡುಮನೆಯಲ್ಲಿ ಕೂತು ಅವಳು ಹೇಳಿದಳು. ಸುತ್ತಿ ಬಳಸಲಿಲ್ಲ. ಹೇಳುವಾಗ ಶಿವಕಿರಣ್ ಬಾಗಿಲ ಹತ್ತಿರ ಅಶೋಕನ ಪಕ್ಕ ನಿಂತಿದ್ದ.

ಅವರು ಅಳಲಿಲ್ಲ. ಬಲಗೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಅದನ್ನೇ ನೋಡುತ್ತಾ ಕೂತರು.

"ಮೂರನೇ ಉಂಡೆ ಬೇಡ ಅಂದ್ಲು ಕಣಮ್ಮ," ಅಂದರು ಕೊನೆಗೆ. "ಮುಖ ತಿರುಗಿಸಿದ್ಲು. ನಾನೇ ಗದ್ದ ಹಿಡಿದು, ನನ್ನ ಮಗ ಕಟ್ಟಿದ್ದು ಕಣೇ, ತಿನ್ನು ಅಂದೆ. ತಿಂದ್ಲು."

ಅಶೋಕ ಬುಕ್ ತೆಗೆದ.

"ಬರ್ಕೊಳಿ. ಎಲ್ಲಿ ಸಹಿ ಮಾಡ್ಬೇಕೋ ಬೆರಳಿಟ್ಟು ತೋರಿಸಿ. ನನಗೆ ಕಾಣಲ್ಲ."

ಸಹಿ ಆಯಿತು. ಅಶೋಕ ಶಿವಕಿರಣ್‌ನ ತೋಳು ಮುಟ್ಟಿದ. ಅವನು ಹೊಸಿಲು ದಾಟುವಾಗ ತಾಯಿ ಹಿಂದಿನಿಂದ ಕರೆದರು. ಬೈಯಬಹುದು ಅಂತ ಪ್ರೇಮಲೀಲಾ ಅಂದುಕೊಂಡಳು.

"ಮಾತ್ರೆ ಎಲ್ಲಿಟ್ಟಿದ್ದೀಯಪ್ಪಾ?"

"ಫ್ರಿಜ್ ಮೇಲೆ, ನೀಲಿ ಡಬ್ಬಿಯಲ್ಲಿ. ಬೆಳಗ್ಗೆ ಎರಡು, ರಾತ್ರಿ ಒಂದು."

"ನುಂಗ್ತೀನಿ ಬಿಡು," ಅಂದರು.

*

ವರದಿಯಲ್ಲಿ ನಿರ್ಲಕ್ಷ್ಯ ಅನ್ನುವ ಪದ ಬರಲಿಲ್ಲ. ಗುರುವಾರ ಸಂಜೆಯೇ ವ್ಯಾನಿನ ಆದೇಶ ರದ್ದಾಯಿತು. ವಿಶ್ವನಾಥ್ ಕೂಡ ಒಂದು ಹೊರೆ ಹಸಿ ಮೇವು ತಂದು ಶೆಡ್ಡಿನ ಮುಂದೆ ಹಾಕಿ ಹೋದರು. ಮರಿ ಚಿಕ್ಕಬಸವಯ್ಯನದು ಅಂತ ಕಾಗದ ಬಂತು.

ಮರಿ ಮಾತ್ರ ಹಾಲು ಮುಟ್ಟಲಿಲ್ಲ.

ಹಸುವಿನ ಹಾಲು ಆಯಿತು. ಮೇಕೆ ಹಾಲು ಆಯಿತು. ಬಾಟಲಿ, ಗ್ಲೌಸಿನ ಬೆರಳು, ಕೊನೆಗೆ ಚೆಲುವಿಯ ಕೂದಲಿನ ಹಗ್ಗ ಸುತ್ತಿದ ನಿಪ್ಪಲ್. ಡಾ. ಶುಭಾ ಎರಡು ಸಲ ಡ್ರಿಪ್ ಹಾಕಿದಳು. ಶುಕ್ರವಾರ ಬೆಳಗ್ಗೆ ಅವಳು ಮರಿಯ ಕಣ್ಣಿನ ರೆಪ್ಪೆ ಬಿಡಿಸಿ ನೋಡಿ, ಅಲ್ಲೇ ನೆಲದಲ್ಲಿ ಕೂತುಬಿಟ್ಟಳು.

"ಹಾಲು ಕೊಡೋ ಒಂಟೆ ಒಂದಿದ್ರೆ ಪ್ರಯತ್ನ ಮಾಡಬಹುದಿತ್ತು. ಮೈಸೂರಲ್ಲಿ ಎಲ್ಲಿ ತರೋದು?"

"ಆ ಅನಂತಪುರದ ತಾವ?" ಚಿಕ್ಕಬಸವಯ್ಯ ಕೇಳಿದ.

"ಅಲ್ಲಿ ಎರಡು ಇದಾವೆ. ಸೇರಿಸ್ಕೊಂಡ್ರೆ ಬದುಕಬಹುದು. ಗ್ಯಾರಂಟಿ ಇಲ್ಲ."

ಅವನು ಎದ್ದು ಹೊರಗೆ ಹೋದ. ಹೊಂಗೆ ಮರದ ಕೆಳಗೆ ಜೆಸಿಬಿ ತೋಡಿ ಮುಚ್ಚಿದ ಮಣ್ಣು ಇನ್ನೂ ಹಸಿಯಾಗಿತ್ತು. ಸ್ವಲ್ಪ ಹೊತ್ತು ನಿಂತ. ಮತ್ತೆ ಒಳಗೆ ಬಂದ.

"ಫೋನ್ ಮಾಡಿ ಮೇಡಮ್ಮೋರೇ. ವ್ಯಾನು ಬರಲಿ."

ವ್ಯಾನು ಎರಡು ಗಂಟೆಗೆ ಬಂತು. ಮರಿಯನ್ನು ಚಿಕ್ಕಬಸವಯ್ಯನೇ ಎದೆಗವಚಿಕೊಂಡು ಎತ್ತಿದ. ಕಾಲುಗಳು ಉದ್ದಕ್ಕೆ ನೇತಾಡುತ್ತಿದ್ದವು. ಮುದ್ದಮ್ಮ ಒಳಗೆ ಹುಲ್ಲು ಹರಡಿದಳು. ಡ್ರೈವರ್ ಫಾರಂ ತೆಗೆದು ಬಾನೆಟ್ ಮೇಲಿಟ್ಟುಕೊಂಡ. ಬರೆಯುವುದಕ್ಕೆ ಅಲ್ಲೇ ಬಂದು ನಿಂತಿದ್ದ ಪ್ರೇಮಲೀಲಾಳ ಪೆನ್ನು ಇಸಕೊಂಡ.

"ಮಾಲೀಕರು?"

"ಚಿಕ್ಕಬಸವಯ್ಯ."

"ಪ್ರಾಣಿ, ಒಂಟೆ ಮರಿ. ಗಂಡಾ ಹೆಣ್ಣಾ?"

"ಹೆಣ್ಣು."

"ಹೆಸರು?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಇನ್ನೂ ಇಟ್ಟಿಲ್ಲ," ಅಂದ ಚಿಕ್ಕಬಸವಯ್ಯ.

"ಏನಾದ್ರೂ ಒಂದು ಹೇಳಿ ಯಜಮಾನ್ರೇ. ಖಾಲಿ ಬಿಡಂಗಿಲ್ಲ."

ಮುದ್ದಮ್ಮ ಬಾಯಿ ತೆರೆದಳು. ಚಿಕ್ಕಬಸವಯ್ಯ ಅವಳ ಕೈ ಹಿಡಿದುಕೊಂಡ.

"ಬ್ಯಾಡ ಕಣೆ. ಇಟ್ರೆ ಕರೀಬೇಕು ಅನ್ನುಸ್ತದೆ. ಅಲ್ಲಿಯೋರೇ ಇಟ್ಕಳ್ಳಲಿ."

ಡ್ರೈವರ್ ಪ್ರೇಮಲೀಲಾಳ ಕಡೆ ನೋಡಿದ. ಅವಳು ಪೆನ್ನು ವಾಪಸ್ ತೆಗೆದುಕೊಂಡು, ಹೆಸರಿನ ಜಾಗದಲ್ಲಿ ಒಂದು ಗೀಟು ಎಳೆದು, ಪಕ್ಕದಲ್ಲಿ ತನ್ನ ಸಹಿ ಹಾಕಿದಳು.